ಕಾಳಿ ಅಳಿವೆಗೆ ಗ್ರೇ ಘೋಸ್ಟ್ ನಡೆಯುತ್ತಾ?

ಪ್ರಶ್ನೆ (ಕೋಡಿಬಾಗ, ಕಾರವಾರ):
ಗ್ರೇ ಘೋಸ್ಟ್ ಸ್ಟ್ರೀಮರ್ (ಗಾಳದ ಕೊಕ್ಕೆಗೆ ಗರಿ ಕಟ್ಟಿ ಸಣ್ಣ ಮೀನಿನ ಹಾಗೆ ಮಾಡಿದ ಫ್ಲೈ) ಚಿತ್ರ ನೋಡಿ ಮನಸ್ಸು ಸೋತಿದೆ. ಕಾಳಿ ಅಳಿವೆಯಲ್ಲಿ ಚೋಣಕ್ ಮೀನಿಗೆ ಇದನ್ನೇ ಕಟ್ಟಲಾ? ಬೀಸುವಾಗ ಗರಿ ಕೊಕ್ಕೆಗೆ ಸುತ್ತಿಕೊಳ್ಳುತ್ತೆ, ಏನು ಮಾಡೋದು?

ಉತ್ತರ (ಸದಾಶಿವಗಡ):
ಚಂದದ ಫ್ಲೈ, ಖಂಡಿತ ಕಟ್ಟಿ. ಅದರ ಹಿಂದಿರುವವರು ಅಮೆರಿಕದ ಮೇನ್ ರಾಜ್ಯದ ಕ್ಯಾರಿ ಸ್ಟೀವನ್ಸ್. 1924ರ ಜುಲೈ 1ರಂದು, ಸ್ಮೆಲ್ಟ್ ಎಂಬ ಸಣ್ಣ ಮೀನನ್ನು ಹೋಲುವ ತಮ್ಮ ಫ್ಲೈಯಲ್ಲಿ 6 ಪೌಂಡ್ 13 ಔನ್ಸಿನ ಬ್ರೂಕ್ ಟ್ರೌಟ್ ಹಿಡಿದರು. ಕೊಕ್ಕೆಯನ್ನು ಹಿಡಿದಿಡುವ ವೈಸ್ ಇಲ್ಲದೆ ಬರೀ ಕೈಯಲ್ಲೇ ಕಟ್ಟುತ್ತಿದ್ದರು. ಅದಕ್ಕೇ ಅವರೆಂದರೆ ನನಗೆ ಅಷ್ಟು ಗೌರವ.

ಆದರೆ ಅದು ಸಿಹಿನೀರಿನದ್ದು. ಅಳಿವೆಗೆ ಅಮೆರಿಕದ ಗಾಳಗಾರ ಲೆಫ್ಟಿ ಕ್ರೇ ಅವರ ಡಿಸೀವರ್ ಫ್ಲೈ ಒಳ್ಳೆಯದು. ಅದರಲ್ಲಿ ಉದ್ದ ಗರಿಗಳನ್ನು ಕೊಕ್ಕೆಯ ಬಾಗಿನ ಹತ್ತಿರ ಕಟ್ಟುತ್ತಾರೆ, ದಾರ ಕಟ್ಟುವ ಕಣ್ಣಿನ ಹತ್ತಿರ ಅಲ್ಲ. ಹಾಗಾಗಿ ಸುತ್ತಿಕೊಳ್ಳೋದು ತುಂಬಾ ಕಡಿಮೆ. ಹುಂಜದ ಕತ್ತಿನ ಗರಿ ಮೂರ್ನಾಲ್ಕು ಜೋಡಿ ಸಾಕು, ಒಳಬಾಗು ಎದುರುಬದುರು ಇರಲಿ. ಮುಂದೆ ಕೂದಲಿನ ಕೊರಳಪಟ್ಟಿ ಬಂದರೆ ನೀರಲ್ಲಿ ತಾರ್ಲೆ ಮೀನಿನ ಥರಾನೇ ಕಾಣುತ್ತೆ. ಕೊಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಇರಲಿ.

ಮರುಪ್ರಶ್ನೆ (ಶಿರಸಿ):
ಅಣ್ಣ, ಆ ಕೂದಲಿಗೆ ನಮ್ಮ ಕಾಡಿನ ಜಿಂಕೆಯದು ಆಗುತ್ತಾ?

ಉತ್ತರ (ಸದಾಶಿವಗಡ):
ಬೇಡವೇ ಬೇಡ ಮಾರಾಯ, ವನ್ಯಜೀವಿ ಕಾನೂನು ಬಿಡಲ್ಲ. ಆಡಿನ ಬಿಳಿ ಕೂದಲು ತಗೋ, ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಸ್ವಲ್ಪ ಮೆತ್ತಗೆ, ಆದರೂ ಕೆಲಸ ಆಗುತ್ತೆ.

ಪ್ರಶ್ನೆ ಕೇಳಿದವರು:
ಇಳಿತ ಶುರುವಾದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಬೀಸಲಾ?

ಉತ್ತರ (ಸದಾಶಿವಗಡ):
ಅಲ್ಲೇ ಬೀಸಿ. ಎಳೆಯುತ್ತಾ ನಡುನಡುವೆ ನಿಲ್ಲಿಸಿ.