ಅದಿರಿನ ಮೂಲಕ್ಕೆ ಪರ್ಮಿಟ್ ಒಂದೇ ಸಾಕೇ? ಗಣಿ ನಿಂತರೆ ಕಿಲ್ನ್ ನಡೆಸುವುದು ಹೇಗೆ?

ಪ್ರಶ್ನೆ (ಖರೀದಿ ವಿಭಾಗ, ಕೊಪ್ಪಳ)

ನಮಸ್ಕಾರ. ಗಿಣಿಗೇರಾ ಕಡೆಯ ಸಣ್ಣ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ಕಾಯಿಸಿ ತೆಗೆಯುವ ಕಬ್ಬಿಣ) ಘಟಕವೊಂದರಲ್ಲಿ ಅದಿರು ಖರೀದಿ ನನ್ನ ಹೊಣೆ. ನಮ್ಮ ಗ್ರಾಹಕರು ಈಚೆಗೆ, ಅದಿರು ಯಾವ ಗಣಿ ಗುತ್ತಿಗೆಯದು ಎಂಬುದಕ್ಕೆ ದಾಖಲೆ ಕೇಳುತ್ತಿದ್ದಾರೆ. ಮೂವರು ವ್ಯಾಪಾರಿಗಳಿಂದ ಕೊಳ್ಳುತ್ತಿರುವ ಕಾರಣ ಪೂರೈಕೆಯ ಚಿಂತೆಯಿಲ್ಲ ಎಂದುಕೊಂಡಿದ್ದೆವು. ಆದರೆ ಕಳೆದ ಮಳೆಗಾಲದಲ್ಲಿ ಮೂವರೂ ಒಂದೇ ವಾರದಲ್ಲಿ ‘ಮಾಲಿಲ್ಲ’ ಎಂದು ಕೈಚೆಲ್ಲಿದರು, ಹನ್ನೊಂದು ದಿನ ಕಿಲ್ನ್ (ಅದಿರು ಕಾಯಿಸುವ ಕುಲುಮೆ) ಆರಿತ್ತು. ಅದಿರು ಸಾಗಣೆಯ ಪರ್ಮಿಟ್ ಪ್ರತಿ ಇಟ್ಟುಕೊಂಡರೆ ಸಾಕೇ? ದಾಸ್ತಾನು ಎಷ್ಟಿರಬೇಕು?

ಉತ್ತರ 1 (ಗಣಿ ಭೂವಿಜ್ಞಾನಿ, ಸಂಡೂರು)

ಆ ಮೂವರೂ ಮಾಲು ಎತ್ತುತ್ತಿದ್ದುದು ಎಲ್ಲಿಂದ ಎಂದು ವಿಚಾರಿಸಿ ನೋಡಿ. ಒಂದೇ ಗಣಿಯಿಂದ ಎಂದಾದರೆ ನಿಮಗಿದ್ದುದು ಒಂದೇ ಮೂಲ, ಬಿಲ್ಲುಗಳು ಮಾತ್ರ ಮೂರು.

ನಮ್ಮ ಜಿಲ್ಲೆಯಲ್ಲಿ ಇದು ಹೊಸ ಪಾಠವೇನಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅಕ್ರಮ ಎಸಗಿದವರ ಜೊತೆಗೆ ನೇರವಾಗಿ ನಡೆಯುತ್ತಿದ್ದವರೂ ನಿಂತರು. 2013ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ಗಡಿ ಮೀರಿ ಹೆಚ್ಚು ಒತ್ತುವರಿ ಮಾಡಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದವು ಹಾಳಾದ ನೆಲವನ್ನು ಸರಿಪಡಿಸುವ ಪುನಶ್ಚೇತನ ಯೋಜನೆಗೆ ಬದ್ಧವಾಗಿ, ಜಿಲ್ಲೆಗೆ ನಿಗದಿಯಾದ ವಾರ್ಷಿಕ ಮಿತಿಯೊಳಗೆ ಅದಿರು ತೆಗೆಯಬೇಕಾಯಿತು. ಅಕ್ರಮದ ಮಾತಿಲ್ಲದೆಯೂ ಗಣಿ ನಿಲ್ಲುತ್ತದೆ: ಗುತ್ತಿಗೆ ನವೀಕರಣದ ಷರತ್ತಿನ ವಿವಾದದಿಂದಾಗಿ ದೋಣಿಮಲೈ ಗಣಿ 2018ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ನಿಂತಿತ್ತು, ಅದೂ ಸಾರ್ವಜನಿಕ ಉದ್ಯಮದ್ದು.

ಆದ್ದರಿಂದ ಕನಿಷ್ಠ ಎರಡು ಬೇರೆ ಬೇರೆ ಗುತ್ತಿಗೆಗಳು, ಸಾಧ್ಯವಾದರೆ ಅವಧಿ ಬೇರೆ ಬೇರೆ ವರ್ಷಗಳಲ್ಲಿ ಮುಗಿಯುವಂಥವು ಬೇಕು. 2022ರ ಮೇ ತಿಂಗಳಿನಲ್ಲಿ ಅದಿರನ್ನು ಇ-ಹರಾಜಿನಲ್ಲೇ (ಆನ್‌ಲೈನ್ ಹರಾಜು) ಮಾರಬೇಕೆಂಬ ಕಡ್ಡಾಯವನ್ನು ನ್ಯಾಯಾಲಯ ತೆಗೆದ ಮೇಲೆ ಗಣಿಯವರೊಡನೆ ನೇರ ಒಪ್ಪಂದವೂ ಸಾಧ್ಯವಾಗಿದೆ.

ಉತ್ತರ 2 (ಸಾಗಣೆ ಲೆಕ್ಕ, ಬಳ್ಳಾರಿ)

ಪರ್ಮಿಟ್ ಹೇಳುವುದು ಇಷ್ಟು ಟನ್ನಿಗೆ ಸರ್ಕಾರಕ್ಕೆ ರಾಜಧನ (ರಾಯಲ್ಟಿ) ಕಟ್ಟಿದೆ ಎಂಬುದನ್ನು. ನಿಮ್ಮ ಅಂಗಳದಲ್ಲಿ ಸುರಿದ ಕಲ್ಲು ಅದೇ ಎಂದು ಅದು ಹೇಳಲಾರದು. ಗಣಿಯ ತೂಕದ ಚೀಟಿ, ನಿಮ್ಮ ವೇ ಬ್ರಿಡ್ಜ್ ಚೀಟಿ, ಲಾರಿ ಹೊರಟ ಮತ್ತು ತಲುಪಿದ ಹೊತ್ತು, ಇವು ನಾಲ್ಕೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ಗಂಟೆಯ ದಾರಿಗೆ ಲಾರಿ ಅರ್ಧ ದಿನ ತೆಗೆದುಕೊಂಡಿದ್ದರೆ ನಡುವೆ ಯಾವ ಯಾರ್ಡಿನಲ್ಲಿ ನಿಂತಿತ್ತು ಎಂದು ಕೇಳಿ. ಟಾರ್ಪಾಲು ಬಿಚ್ಚಿದಾಗ ಮೇಲೆ ಗಟ್ಟಿ ನೀಲಿ-ಬೂದು ತುಂಡು, ಕೆಳಗೆ ಕೆಂಪು ಹುಡಿ ಕಂಡದ್ದು ನನಗೆ ಒಂದಲ್ಲ, ಹಲವು ಸಲ. ಮಾದರಿಯನ್ನು ಮೇಲಿನಿಂದಷ್ಟೇ ತೆಗೆಯಬೇಡಿ. ಪ್ರತಿ ಗುತ್ತಿಗೆಯ ಕಬ್ಬಿಣಾಂಶ, ಸಿಲಿಕಾ, ಅಲ್ಯುಮಿನಾ ಫಲಿತಾಂಶಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಿ. ಕೆಲವು ತಿಂಗಳಾದ ಮೇಲೆ ಬೆರಕೆ ತಾನಾಗಿ ಎದ್ದು ಕಾಣುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ವಿಚಾರಿಸಿದೆ, ಮೂವರದೂ ಒಂದೇ ಗಣಿ. ದಾಸ್ತಾನಿನ ವಿಷಯ ಉಳಿಯಿತು.

ಉತ್ತರ 3 (ಘಟಕ ನಿರ್ವಹಣೆ, ಹೊಸಪೇಟೆ)

ದಾಸ್ತಾನಿಗೆ ಎಲ್ಲರಿಗೂ ಹೊಂದುವ ಅಂಕಿ ಇಲ್ಲ. ಹೊಸ ಮೂಲದ ಅದಿರಿನ ಪರೀಕ್ಷೆ, ಕಿಲ್ನ್‌ನಲ್ಲಿ ಪ್ರಾಯೋಗಿಕ ಓಟ, ಹಣ ಪಾವತಿ, ಸಾಗಣೆ ಇವೆಲ್ಲಕ್ಕೆ ನಿಮಗೆ ಎಷ್ಟು ದಿನ ಬೇಕೋ ಅಷ್ಟು ದಿನದ ಮಾಲು ಅಂಗಳದಲ್ಲಿರಲಿ, ಮಳೆಗಾಲಕ್ಕೆ ಅದರ ಮೇಲೆ ಇನ್ನಷ್ಟು. ದುಡ್ಡು ಕಟ್ಟಿಹಾಕಿದಂತಾಗುತ್ತದೆ ಎಂದು ಮಾಲೀಕರು ಗೊಣಗಿದರೆ, ಕಿಲ್ನ್ ಆರಿಸಿ ಮತ್ತೆ ಕಾಯಿಸುವಾಗ ಒಳಗಿನ ಇಟ್ಟಿಗೆಪದರ ಬಿರುಕು ಬಿಟ್ಟದ್ದರ ಖರ್ಚನ್ನು ಮುಂದಿಡಿ. ಇನ್ನೊಂದು ದಾರಿ, ಸ್ವಲ್ಪ ಪಾಲು ಪೆಲೆಟ್ (ಹುಡಿ ಅದಿರಿನಿಂದ ಮಾಡಿದ ಗುಂಡುಗಳು) ಬಳಸುವುದು. ಕಡಿಮೆ ದರ್ಜೆಯ ಹುಡಿಯನ್ನು ಸಂಸ್ಕರಿಸಿ ಮಾಡುವುದರಿಂದ ಗಣಿಯಿಂದ ಬರುವ ಗಟ್ಟಿ ತುಂಡು ಅದಿರಿನ ಮೇಲಿನ ಅವಲಂಬನೆ ತಗ್ಗುತ್ತದೆ. ಬೆಲೆ ಹೆಚ್ಚೇ, ಆದರೆ ಮಳೆಯಲ್ಲಿ ಜರಡಿ ಕಟ್ಟಿಕೊಳ್ಳುವ ಕಾಟವೂ ಕಡಿಮೆ.

ಒಂದು ಮಾತು ಬಿಟ್ಟುಹೋಗಿದೆ. ಮೂಲದ ದಾಖಲೆ ಎಂದರೆ ಗುತ್ತಿಗೆ ಸಂಖ್ಯೆಯೊಂದೇ ಅಲ್ಲ. ಒಪ್ಪಂದಕ್ಕೆ ಮೊದಲು ಒಮ್ಮೆ ಗಣಿಗೆ ಹೋಗಿ ಬನ್ನಿ. ತ್ಯಾಜ್ಯದ ದಿಬ್ಬಕ್ಕೆ ತಡೆಗೋಡೆ ಇದೆಯೇ, ಕೆಳಗಿನ ಹಳ್ಳದ ನೀರು ಕೆಂಪಾಗಿದೆಯೇ, ಊರೊಳಗಿನ ರಸ್ತೆಗೆ ನೀರು ಹೊಡೆಯುತ್ತಾರೆಯೇ ಎಂದು ನೋಡಿ. ಜನ ರಸ್ತೆ ತಡೆದ ದಿನ ನಿಮ್ಮ ಲಾರಿಯೂ ಅಲ್ಲೇ ನಿಲ್ಲುತ್ತದೆ.