ವರ್ಡ್‌ನಲ್ಲಿ ದೊಡ್ಡ ಚಿತ್ರ ಕೂರಿಸಿದ ಜಾಗದಲ್ಲಿ ನಿಲ್ಲುತ್ತಿಲ್ಲ

ಪ್ರಶ್ನೆ:
ಎ4 ಪುಟ, ನಾಲ್ಕೂ ಕಡೆ 2.54 ಸೆಂ.ಮೀ. ಮಾರ್ಜಿನ್. ಮುಕ್ಕಾಲು ಪುಟ ಹಿಡಿಯುವ ನಕ್ಷೆಗಳಿವೆ. ಸುಮ್ಮನೆ ಇನ್ಸರ್ಟ್ ಮಾಡಿದರೆ ನಕ್ಷೆ ಮುಂದಿನ ಪುಟಕ್ಕೆ ಹೋಗಿ, ಹಿಂದಿನ ಪುಟ ಅರ್ಧ ಖಾಲಿ. ರ‍್ಯಾಪ್ ಟೆಕ್ಸ್ಟ್ (ಚಿತ್ರದ ಸುತ್ತ ಬರಹ ಹರಿಯುವ ಬಗೆ) ಬದಲಿಸಿ ಎಳೆದಿಟ್ಟರೆ, ಮೇಲೆ ಎರಡು ಸಾಲು ಬರೆದೊಡನೆ ನಕ್ಷೆ ಒಂದು ಕಡೆ, ಕ್ಯಾಪ್ಶನ್ ಇನ್ನೊಂದು ಕಡೆ. ಒಂದು ನಕ್ಷೆಯಂತೂ ಸಣ್ಣ ಪಟ್ಟಿಯಷ್ಟೇ ಕಾಣುತ್ತಿದೆ.

ಉತ್ತರ 1:
ಪಟ್ಟಿಯ ಕಾರಣ ಸುಲಭ: ಆ ಪ್ಯಾರಾದ ಲೈನ್ ಸ್ಪೇಸಿಂಗ್ ‘ಎಕ್ಸಾಕ್ಟ್ಲಿ’ ಎಂದಿದೆ. ಕರ್ಸರ್ ಅಲ್ಲಿಟ್ಟು ಕಂಟ್ರೋಲ್+1 ಒತ್ತಿ, ಪೂರ್ತಿ ಕಾಣುತ್ತದೆ.

‘ಇನ್ ಲೈನ್ ವಿತ್ ಟೆಕ್ಸ್ಟ್’ ಇದ್ದರೆ ಚಿತ್ರವನ್ನು ವರ್ಡ್ ಒಂದು ದೊಡ್ಡ ಅಕ್ಷರದಂತೆ ನೋಡುತ್ತದೆ. ಅಕ್ಷರ ಎರಡು ಪುಟಕ್ಕೆ ಹರಿದು ಹಂಚಿಕೆಯಾಗದು, ಹಾಗಾಗಿ ಮುಂದಕ್ಕೆ ಹೋಗುತ್ತದೆ. ಆದರೂ ಉದ್ದದ ವರದಿಗೆ ನನ್ನ ಮತ ಇದಕ್ಕೇ. ಖಾಲಿ ಜಾಗ ತುಂಬಲು ಚಿತ್ರದ ಕೆಳಗಿನ ಪ್ಯಾರಾವನ್ನು ಕತ್ತರಿಸಿ ಮೇಲೆ ಅಂಟಿಸಿ. ‘ಕೆಳಗಿನ ನಕ್ಷೆ’ ಎಂದು ಬರೆಯಬೇಡಿ. ಕ್ರಾಸ್-ರೆಫರೆನ್ಸ್‌ನಿಂದ (ಕ್ಯಾಪ್ಶನ್‌ನ ಸಂಖ್ಯೆಯನ್ನು ತರುವ ಕೊಂಡಿ) ‘ನಕ್ಷೆ 4’ ಎಂದು ಹಾಕಿದರೆ ಅದು ಎಲ್ಲಿದ್ದರೂ ನಡೆಯುತ್ತದೆ. ಚಿತ್ರದ ಪ್ಯಾರಾಗೆ ‘ಕೀಪ್ ವಿತ್ ನೆಕ್ಸ್ಟ್’ ಕೊಟ್ಟರೆ ಕೆಳಗಿನ ಕ್ಯಾಪ್ಶನ್ ಬೇರೆಯಾಗದು. ನಿಮ್ಮ ಮಾರ್ಜಿನ್‌ಗೆ ಒಳಗೆ ಸಿಗುವುದು 15.92 × 24.62 ಸೆಂ.ಮೀ.; ಕ್ಯಾಪ್ಶನ್‌ಗೂ ಜಾಗ ಬೇಕು, ಎತ್ತರ 23 ದಾಟಿಸಬೇಡಿ.

ಉತ್ತರ 2:
ಪ್ರತಿ ಸಲ ಪ್ಯಾರಾ ಹಿಂದೆಮುಂದೆ ಮಾಡುವುದು ಕರಡು ಹಂತದಲ್ಲಿ ಸುಮ್ಮನೆ ದುಡಿಮೆ. ರ‍್ಯಾಪ್ ಟೆಕ್ಸ್ಟ್‌ನಲ್ಲಿ ‘ಟಾಪ್ ಅಂಡ್ ಬಾಟಮ್’ ಕೊಟ್ಟು, ಲೇಔಟ್ ಆಪ್ಶನ್ಸ್‌ನ ‘ಸೀ ಮೋರ್’ ಒತ್ತಿ, ಪೊಸಿಶನ್ ಟ್ಯಾಬ್‌ನಲ್ಲಿ ವರ್ಟಿಕಲ್ ಅಲೈನ್‌ಮೆಂಟ್ ‘ಟಾಪ್’, ಆಧಾರ ‘ಮಾರ್ಜಿನ್’ ಎಂದಿಡಿ. ನಕ್ಷೆ ಪುಟದ ತಲೆಯಲ್ಲಿ ಕೂರುತ್ತದೆ, ಬರಹ ಕೆಳಗೆ ತುಂಬುತ್ತದೆ.

ಎಡವುವುದು ಆಂಕರ್‌ನಲ್ಲಿ, ಅಂದರೆ ಚಿತ್ರವನ್ನು ಒಂದು ಪ್ಯಾರಾಗೆ ಕಟ್ಟಿಹಾಕುವ ಗುರುತಿನಲ್ಲಿ. ಹೀಗೆ ಸಾಲಿಗೆ ಸೇರದೆ ತೇಲುವ ಚಿತ್ರ ತನ್ನ ಆಂಕರ್ ಇರುವ ಪ್ಯಾರಾದ ಪುಟದಲ್ಲೇ ಇರುತ್ತದೆ. ಪ್ಯಾರಾ ಮುಂದಿನ ಪುಟಕ್ಕೆ ಸರಿದರೆ ಚಿತ್ರವೂ ಸರಿಯುತ್ತದೆ. ಇಡೀ ಪ್ಯಾರಾ ಅಳಿಸಿದರೆ ಚಿತ್ರವೂ ಹೋಗುತ್ತದೆ. ಫೈಲ್ > ಆಪ್ಶನ್ಸ್ > ಡಿಸ್‌ಪ್ಲೇಯಲ್ಲಿ ‘ಆಬ್ಜೆಕ್ಟ್ ಆಂಕರ್ಸ್’ ಗುರುತು ಹಾಕಿ, ಆಂಕರನ್ನು ಸಂಬಂಧಪಟ್ಟ ಪ್ಯಾರಾಗೆ ಎಳೆದು ‘ಲಾಕ್ ಆಂಕರ್’ ಮಾಡಿ. ಲಾಕ್ ಮಾಡಿದರೆ ಚಿತ್ರ ಅಲುಗಾಡುವುದಿಲ್ಲ ಎಂದುಕೊಳ್ಳಬೇಡಿ, ಅದು ಆಂಕರನ್ನು ಮಾತ್ರ ಹಿಡಿದಿಡುತ್ತದೆ. ತೇಲುವ ಚಿತ್ರಕ್ಕೆ ಕ್ಯಾಪ್ಶನ್ ಪ್ರತ್ಯೇಕ ಟೆಕ್ಸ್ಟ್ ಬಾಕ್ಸ್‌ನಲ್ಲಿ ಬರುತ್ತದೆ; ಎರಡನ್ನೂ ಕಂಟ್ರೋಲ್ ಹಿಡಿದು ಆರಿಸಿ ಗ್ರೂಪ್ ಮಾಡಿ.

ಉತ್ತರ 3:
ನಕ್ಷೆ ಅಡ್ಡಗಲವಾಗಿದ್ದರೆ ಕುಗ್ಗಿಸಿ ಅಕ್ಷರ ಓದಲಾಗದಂತೆ ಮಾಡುವ ಬದಲು ಆ ಪುಟವನ್ನೇ ಅಡ್ಡ ಮಾಡಿ. ನಕ್ಷೆಯ ಮುಂಚೆ ಒಂದು, ನಂತರ ಒಂದು ಸೆಕ್ಷನ್ ಬ್ರೇಕ್ (ಕಡತವನ್ನು ಭಾಗಗಳಾಗಿ ಒಡೆಯುವ ಗುರುತು; ‘ನೆಕ್ಸ್ಟ್ ಪೇಜ್’ ಬಗೆಯದು); ನಡುವಿನ ಸೆಕ್ಷನ್‌ಗೆ ಮಾತ್ರ ಲ್ಯಾಂಡ್‌ಸ್ಕೇಪ್. ಹೆಡರ್, ಫುಟರ್ ತಿದ್ದುವ ಮೊದಲು ಆ ಸೆಕ್ಷನ್‌ನಲ್ಲೂ ಅದರ ಮುಂದಿನದರಲ್ಲೂ ‘ಲಿಂಕ್ ಟು ಪ್ರೀವಿಯಸ್’ ತೆಗೆಯಿರಿ, ಇಲ್ಲವಾದರೆ ಇಲ್ಲಿ ತಿದ್ದಿದ್ದು ಅಕ್ಕಪಕ್ಕದ ಪುಟಗಳಲ್ಲೂ ಬದಲಾಗುತ್ತದೆ. ಲಿಬ್ರೆಆಫೀಸ್ ರೈಟರ್‌ನಲ್ಲಾದರೆ ಇದಕ್ಕೆ ಸೆಕ್ಷನ್ ಅಲ್ಲ, ‘ಲ್ಯಾಂಡ್‌ಸ್ಕೇಪ್’ ಪೇಜ್ ಸ್ಟೈಲ್.

ಮುದ್ರಣಕ್ಕೆ ಹೋಗುವುದಾದರೆ ಸೇವ್ ಮಾಡುವ ಮೊದಲೇ ಫೈಲ್ > ಆಪ್ಶನ್ಸ್ > ಅಡ್ವಾನ್ಸ್ಡ್‌ನಲ್ಲಿ ‘ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್’ ಗುರುತು ಹಾಕಿ. 15.92 ಸೆಂ.ಮೀ. ಅಗಲಕ್ಕೆ 300 ಪಿಪಿಐ (ಇಂಚಿಗೆ ಪಿಕ್ಸೆಲ್) ಬೇಕಿದ್ದರೆ ಚಿತ್ರ ಸುಮಾರು 1,880 ಪಿಕ್ಸೆಲ್ ಅಗಲವಿರಬೇಕು. ಒಮ್ಮೆ ಕಂಪ್ರೆಸ್ ಆಗಿ ಸೇವ್ ಆದರೆ ಆ ಫೈಲ್‌ನಿಂದ ಮೂಲ ಗುಣಮಟ್ಟ ಮರಳಿ ಸಿಗುವುದಿಲ್ಲ. ಚಿತ್ರವನ್ನು ಮತ್ತೆ ಇನ್ಸರ್ಟ್ ಮಾಡಬೇಕು.