ಒಂದು ಒತ್ತು, ಎರಡು ಕ್ಲಿಕ್ಕು

ಭಟ್ಟನ ಸಿದ್ಧಾಂತ ಸರಳ: ಮೌಸ್ ಅಂದರೆ ಹವಾಯಿ ಚಪ್ಪಲಿ. ಸವೆಯಿತೋ, ಬಿಸಾಕು, ಹೊಸದು ತಗೋ. ಇದನ್ನು ಅವನು ಸಾರಿದ್ದು ಬಸವನಗುಡಿಯ ದರ್ಶಿನಿಯೊಂದರ ಹೊರಗೆ, ಬೈ-ಟೂ ಕಾಫಿಯಲ್ಲಿ ತನ್ನ ಪಾಲು ಮುಗಿಸಿ ಗೌಡನ ಪಾಲಿನ ಮೇಲೆ ಕಣ್ಣಿಟ್ಟುಕೊಂಡು. ಗೌಡ ಮರುದಿನ ಎಸ್.ಪಿ. ರೋಡಿಗೆ ಮೌಸ್ ಕೊಳ್ಳಲು ಹೊರಟವನು. ಏನು ನೋಡಿ ತಗೊಳ್ಳಲಿ ಅಂತ ಸುಮ್ಮನೆ ಒಂದು ಮಾತು ಕೇಳಿದ್ದ, ಅಷ್ಟೇ.

"ಚಪ್ಪಲಿ ಬಾರು ಕಿತ್ತೋದ್ರೆ ಬಾರು ಹಾಕಿಸ್ತೀಯೋ, ಕಾಲನ್ನೂ ಸೇರಿಸಿ ಬಿಸಾಕ್ತೀಯೋ?" ಅಂದ ಸೀನಿ. ಬೋರ್ಡ್ ರಿಪೇರಿ ಅವನ ಕಸುಬು. ಯಾರಾದರೂ 'ಬಿಸಾಕು' ಅಂದರೆ ಮೈಯೆಲ್ಲ ಉರಿ. "ಮೌಸ್ ಯಾವತ್ತೂ ಪೂರ್ತಿ ಸಾಯಲ್ಲ ಗುರು. ಎಡಗಡೆ ಬಟನ್ನಿನ ಸ್ವಿಚ್ಚು, ಚಕ್ರ ಎಷ್ಟು ತಿರುಗ್ತು ಅಂತ ಎಣಿಸೋ ಎನ್‌ಕೋಡರು, ವೈರಿನ ಕುತ್ತಿಗೆ, ಮೇಲಿನ ರಬ್ಬರು. ಹೋದ್ರೆ ಇವೇ ಹೋಗೋದು. ಸೆನ್ಸರ್ ಕೆಡೋದು ಅಪರೂಪ. ಮೌಸಿನ ಬೆಲೆ ಮುಂದೆ ಆ ಸ್ವಿಚ್ಚಿನ ಬೆಲೆ ಪುಡಿಗಾಸು."

"ಡಬ್ಬದ ಮೇಲೆ ಒಂದು ಕೋಟಿ ಕ್ಲಿಕ್ಕು, ಎರಡು ಕೋಟಿ ಕ್ಲಿಕ್ಕು ಅಂತ ಹಾಕಿರ್ತಾರಲ್ಲಪ್ಪ," ಅಂದ ಗೌಡ.

"ಲೆಕ್ಕ ಹಾಕು. ದಿನಕ್ಕೆ 5,000 ಸಲ ಒತ್ತು, ವರ್ಷಕ್ಕೆ 300 ದಿನ ಕೆಲಸ ಮಾಡು. ಹದಿನೈದು ಲಕ್ಷ. ಒಂದು ಕೋಟಿ ಮುಗಿಯಕ್ಕೆ ಆರೂವರೆ ವರ್ಷ ದಾಟಬೇಕು. ಆದ್ರೆ ಎಷ್ಟೋ ಮೌಸು ಎರಡನೇ ವರ್ಷಕ್ಕೇ ತೊದಲಕ್ಕೆ ಶುರು. ಯಾಕೆ? ಆ ಕೋಟಿ ಸ್ಪ್ರಿಂಗಿನ ಆಯಸ್ಸು. ಒಳಗೆ ಲೋಹಕ್ಕೆ ಲೋಹ ತಾಗೋ ಕಾಂಟ್ಯಾಕ್ಟಿನ ಆಯಸ್ಸಲ್ಲ."

ಇಲ್ಲಿಂದ ಮುಂದೆ ಸೀನಿಯನ್ನು ತಡೆಯುವುದು ನಮ್ಮ ಕೈಲಿರಲಿಲ್ಲ. ಬಟನ್ನಿನಡಿಯ ಮೈಕ್ರೋ ಸ್ವಿಚ್ಚಿನೊಳಗೆ ತಾಮ್ರದ ಮಿಶ್ರಲೋಹದ ತೆಳ್ಳನೆ ಎಲೆ ಇರುತ್ತದೆ. ಅದರ ನಡುವೆ ಬಿಲ್ಲಿನ ಹಾಗೆ ಬಾಗಿದ ಪುಟ್ಟ ನಾಲಿಗೆ. ಒತ್ತಿದಾಗ ಎಲೆ ಟಕ್ ಅಂತ ಕೆಳಗಿನ ಕಾಂಟ್ಯಾಕ್ಟಿಗೆ ಹಾರುತ್ತದೆ. ನಾವು ಕೇಳುವ ಕ್ಲಿಕ್ಕು ಅದೇ. ಹೊಸ ಸ್ವಿಚ್ಚಿನಲ್ಲೂ ಎಲೆ ಬಿದ್ದ ತಕ್ಷಣ ಒಂದೆರಡು ಸಲ ಪುಟಿಯುತ್ತದೆ, ಮೌಸಿನೊಳಗಿನ ಐಸಿ ಚಿಪ್ ಕೆಲವು ಮಿಲಿಸೆಕೆಂಡು ಕಣ್ಣು ಮುಚ್ಚಿಕೊಂಡು ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಕಾಂಟ್ಯಾಕ್ಟಿನ ಮೇಲೆ ಆಕ್ಸೈಡ್ ಪೊರೆ ಕಟ್ಟಿದರೆ, ಇಲ್ಲ ನಾಲಿಗೆಯ ಬಿಗಿ ಸಡಿಲಾದರೆ, ಪುಟಿತ ಆ ಗಡುವು ದಾಟುತ್ತದೆ. ಆಗ ಒಂದು ಒತ್ತಿಗೆ ಎರಡು ಕ್ಲಿಕ್ಕು.

"ಮಜಾ ಏನು ಗೊತ್ತಾ," ಅಂದ ಸೀನಿ, "ಈ ಥರ ಸ್ವಿಚ್ಚುಗಳನ್ನ ಸುಮಾರು 5 ವೋಲ್ಟು, 1 ಮಿಲಿಯಾಂಪಿಗೆ ಕಮ್ಮಿ ಇಲ್ಲದ ಕರೆಂಟಿಗೆ ಅಂತ ಮಾಡಿರ್ತಾರೆ. ಅಷ್ಟು ಕರೆಂಟ್ ಹರಿದ್ರೆ ಪೊರೆ ತಾನಾಗೇ ಸೀಳತ್ತೆ. ಈಗಿನ ವೈರ್‌ಲೆಸ್ ಮೌಸುಗಳು ಬ್ಯಾಟರಿ ಉಳಿಸಕ್ಕೆ ಅದಕ್ಕಿಂತ ಕಮ್ಮಿ ವೋಲ್ಟಲ್ಲಿ, ಕಮ್ಮಿ ಕರೆಂಟಲ್ಲಿ ಕೆಲಸ ತೆಗೀತವೆ. ಪೊರೆ ಅಲ್ಲೇ ಕೂತ್ಕೊಳತ್ತೆ. ಜೊತೆಗೆ ನಮ್ಮ ಜುಲೈ ತಿಂಗಳ ತೇವ."

"ಕರೆಂಟ್ ಉಳಿಸಿದ್ದಕ್ಕೂ ಶಿಕ್ಷೆಯಾ ಮಾರಾಯ?" ಭಟ್ಟ ಲೊಚಗುಟ್ಟಿದ.

ರೋಗ ಬಂದಿದೆ ಅಂತ ಮೊದಲು ಗೊತ್ತಾಗುವುದು ಕ್ಲಿಕ್ಕಿನಲ್ಲಲ್ಲ, ಎಳೆದಾಟದಲ್ಲಿ. ಫೈಲ್ ಹಿಡಿದು ಎಳೆಯುತ್ತಿದ್ದರೆ ನಡುದಾರಿಯಲ್ಲಿ ಕೈಬಿಡುತ್ತದೆ, ಯಾವುದೋ ಫೋಲ್ಡರಿಗೆ ಬಿದ್ದು ಕಾಣೆಯಾಗುತ್ತದೆ. ಪದ್ದು ದಿನವಿಡೀ ಕಟ್ಟಡದ ನಕ್ಷೆ ಬಿಡಿಸುವವಳು, ಅವಳಿಗೆ ಇದು ಚೆನ್ನಾಗಿ ಗೊತ್ತು. "ಗೋಡೆ ಎಳೀತಾ ಇದ್ರೆ ಅರ್ಧಕ್ಕೇ ನಿಲ್ಲತ್ತೆ. ಸಾಫ್ಟ್‌ವೇರ್‌ಗೆ ಬೈಯ್ಯೋ ಮೊದಲು ಬೇರೆ ಮೌಸ್ ಹಾಕಿ ನೋಡಬೇಕು ಕಣೋ," ಅಂದಳು.

"ವಾರಂಟಿ ಇದ್ರೆ ಸ್ಕ್ರೂಡ್ರೈವರ್ ಮುಟ್ಟಲೇಬೇಡ, ಬಿಲ್ಲು ತಗೊಂಡು ಸರ್ವಿಸ್ ಸೆಂಟರಿಗೆ ನಡಿ," ಅಂತ ಸೀನಿ ಗೌಡನ ಕಡೆ ತಿರುಗಿದ. "ಇಲ್ಲ ಅಂದ್ರೆ ಮೊದಲು ಮೌಸಿನ ಸಾಫ್ಟ್‌ವೇರಲ್ಲಿ ಡಿಬೌನ್ಸ್ ಅಂತ, ಅಂದ್ರೆ ಆ ಕಣ್ಣು ಮುಚ್ಚೋ ಹೊತ್ತು, ಇದೆಯಾ ನೋಡು, ಕೆಲವು ಗೇಮಿಂಗ್ ಮೌಸುಗಳಲ್ಲಿ ಇರತ್ತೆ. ಎರಡು ನಾಲ್ಕು ಮಿಲಿಸೆಕೆಂಡ್ ಏರಿಸಿದ್ರೆ ಒಂದಷ್ಟು ತಿಂಗಳು ದಬ್ಬಬಹುದು. ಅದೂ ಇಲ್ವಾ, ಬಿಚ್ಚು."

ಬಿಚ್ಚುವುದಕ್ಕೆ ಸ್ಕ್ರೂ ಎಲ್ಲಿ? ಹೆಚ್ಚಿನ ಮೌಸುಗಳಲ್ಲಿ ತಳದ ಬಿಳಿ ಪಾದಗಳ ಅಡಿಯಲ್ಲಿ, ಇಲ್ಲ ಸ್ಟಿಕ್ಕರಿನ ಅಡಿಯಲ್ಲಿ ಅಡಗಿರುತ್ತದೆ. ಹೇರ್ ಡ್ರೈಯರಿನಿಂದ ಅರ್ಧ ನಿಮಿಷ ಬಿಸಿ ಮಾಡಿ, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ಎಬ್ಬಿಸಿದರೆ ಪಾದ ಬಾಗದೆ ಬರುತ್ತದೆ, ಮತ್ತೆ ಅಂಟುತ್ತದೆ. ಉಗುರಿನಿಂದ ಕಿತ್ತರೆ ಸುಕ್ಕಾಗಿ, ಆಮೇಲೆ ಮೌಸ್ ಕುಂಟುತ್ತದೆ. ಸ್ಕ್ರೂ ಸಾಮಾನ್ಯವಾಗಿ ಪಿಎಚ್0 ಅಳತೆಯ ಪ್ಲಸ್ ತಲೆಯದು, ಕೆಲವದರಲ್ಲಿ ನಕ್ಷತ್ರದ ತಲೆ. ಮುಚ್ಚಳ ತೆಗೆಯುವಾಗ ಜಗ್ಗಬಾರದು. ಮೇಲಿನ ಮುಚ್ಚಳಕ್ಕೂ ಕೆಳಗಿನ ಬೋರ್ಡಿಗೂ ನಡುವೆ ರಿಬ್ಬನ್ ಕೇಬಲ್ ಇದ್ದರೆ ಹರಿದೇ ಹೋಗುತ್ತದೆ. ಒಳಗೆ ಲಿಥಿಯಂ ಬ್ಯಾಟರಿ ಇದ್ದರೆ ಮೊದಲು ಅದರ ಪ್ಲಗ್ ಕಳಚಬೇಕು.

"ಸ್ವಿಚ್ಚಿಗೆ ಮೂರು ಕಾಲು," ಸೀನಿ ಮೇಜಿನ ಮೇಲೆ ಚೆಲ್ಲಿದ ಕಾಫಿಯಲ್ಲಿ ಮೂರು ಚುಕ್ಕಿ ಇಟ್ಟ. "ಹಳೇ ಬೆಸುಗೆ ಸೀಸ ಇಲ್ಲದ್ದು, ಹಟಮಾರಿ. ಅದರ ಮೇಲೆ ಸ್ವಲ್ಪ 63/37 ಬೆಸುಗೆ, ಅಂದ್ರೆ 63 ಪಾಲು ತವರ 37 ಪಾಲು ಸೀಸದ್ದು, ಹಾಕಿ ಬೆರೆಸು, ಬೇಗ ಕರಗತ್ತೆ. ಬೆಸುಗೆ ಐರನ್ 350 ಡಿಗ್ರಿ ಆಸುಪಾಸು. ಕರಗಿದ ಬೆಸುಗೇನ ಪಂಪಲ್ಲಿ ಎಳ್ಕೋ, ಉಳಿದದ್ದಕ್ಕೆ ಬೆಸುಗೆ ಹೀರೋ ತಾಮ್ರದ ಹೆಣಿಗೆ ಇಡು. ಕಾಲು ಸಡಿಲ ಆಗೋವರೆಗೂ ಎಳೀಬೇಡ. ಎಳೆದ್ರೆ ಬೋರ್ಡಿನ ತಾಮ್ರದ ಪ್ಯಾಡೇ ಎದ್ದು ಬರತ್ತೆ. ಹೊಸದು ಕೂರಿಸುವಾಗ ದಿಕ್ಕು ನೋಡು. ಒತ್ತೋ ಮೊಳೆ ಸ್ವಿಚ್ಚಿನ ಮಧ್ಯದಲ್ಲಿರಲ್ಲ, ಒಂದು ಪಕ್ಕಕ್ಕಿರತ್ತೆ. ತಿರುವಿ ಹಾಕಿದ್ರೆ ಬಟನ್ನಿಗೆ ಸಿಗೋದೇ ಇಲ್ಲ."

"ಹೊಸ ಸ್ವಿಚ್ಚು ಸಿಗದಿದ್ರೆ?" ಅಂದ ಗೌಡ.

"ಓಮ್ರಾನ್, ಕೈಲ್, ಹುವಾನೋ ಕಂಪನಿದು ಅಂತ ಕೇಳು. ಸಿಗದಿದ್ರೆ ಮನೇಲಿರೋ ಸತ್ತ ಮೌಸಿನ ಬಲಗಡೆ ಸ್ವಿಚ್ಚು ತೆಗೆದು ಹಾಕು. ಬಲಗಡೆ ಬಟನ್ನಿಗೆ ಯಾರೂ ಅಷ್ಟು ಕಾಟ ಕೊಟ್ಟಿರಲ್ಲ."

"ಸ್ವಿಚ್ಚನ್ನೇ ಬಿಚ್ಚಿ ತೊಳೆದ್ರೆ ಆಗಲ್ವಾ?" ಪದ್ದು ಕೇಳಿದಳು.

ಆಗುತ್ತದೆ. ಸಣ್ಣ ಬ್ಲೇಡಿನಿಂದ ಪಕ್ಕದ ಎರಡು ಕೊಂಡಿ ಸಡಿಲಿಸಿದರೆ ಕಪ್ಪು ಟೋಪಿ ಏಳುತ್ತದೆ. ಏಳುವ ಕ್ಷಣದಲ್ಲೇ ಸಾಸಿವೆಗಿಂತ ಒಂಚೂರು ದಪ್ಪದ ಮೊಳೆ ಹಾರಿ ನೆಲದ ಮೇಲೆ ಬೀಳುತ್ತದೆ, ಆಮೇಲೆ ಮನೆಮಂದಿಯೆಲ್ಲ ಮೊಣಕಾಲೂರಿ ಹುಡುಕಬೇಕು. ಆದ್ದರಿಂದ ಬಿಳಿ ಟವೆಲ್ ಹಾಸಿಕೊಂಡು ಕೂರುವುದು ಕ್ಷೇಮ. ಎಲೆಯನ್ನು ಚಿಮುಟದಿಂದ ತೆಗೆದು, ಕಾಂಟ್ಯಾಕ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿ ಮತ್ತೆ ಕೊಂಡಿಗೆ ಸಿಕ್ಕಿಸಬೇಕು. ಈ ಸಿಕ್ಕಿಸುವ ಕೆಲಸಕ್ಕೆ ಬೇಕಾದ ತಾಳ್ಮೆ ನಮ್ಮ ಐವರಲ್ಲಿ ಸೀನಿಗೆ ಮಾತ್ರ ಇದೆ ಅಂತ ಅವನೇ ಹೇಳಿಕೊಂಡ.

"ಬೆಸುಗೇನೇ ಬೇಡ ಅನ್ನೋರಿಗೆ ಎರಡು ದಾರಿ ಇದೆ ಗೌಡ. ಆಸುಸ್‌ನ ಆರ್‌ಒಜಿ ಮೌಸುಗಳು ಕೆಲವದರಲ್ಲಿ ಸ್ವಿಚ್ಚು ಸಾಕೆಟ್ಟಲ್ಲಿ ಕೂತಿರತ್ತೆ, ಕಿತ್ತು ಬೇರೆ ಚುಚ್ಚಬಹುದು. ರೇಜರ್‌ನ ಕೆಲವದರಲ್ಲಿ ಆಪ್ಟಿಕಲ್ ಸ್ವಿಚ್ಚು. ಲೋಹಕ್ಕೆ ಲೋಹ ತಾಗಿ ಸಿಗ್ನಲ್ ಕೊಡೋ ಪದ್ಧತಿನೇ ಇಲ್ಲ, ಬೆಳಕಿನ ಆಟ. ಡಬಲ್ ಕ್ಲಿಕ್ ರೋಗ ಅದಕ್ಕೆ ಹತ್ತಲ್ಲ. ದುಡ್ಡು ಮಾತ್ರ ಹತ್ತತ್ತೆ."

"ಇಷ್ಟೆಲ್ಲ ಯಾಕೆ? ಮೊಟ್ಟಮೊದಲನೇ ಮೌಸು ಮರದ್ದಂತೆ," ಭಟ್ಟ ಪಾಯಿಂಟು ಹಾಕಿದ. ಹೌದು, ಅಮೆರಿಕದ ಇಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್ ತಂಡದವರು 1964ರಲ್ಲಿ ಮಾಡಿದ್ದು ಮರದ ಪೆಟ್ಟಿಗೆ, ಒಂದೇ ಬಟನ್, ಕೆಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಗಾಲಿ. 1968ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರ ಮುಂದೆ ಮೌಸ್ ಓಡಿಸಿಯೂ ತೋರಿಸಿದರು. "ಚನ್ನಪಟ್ಟಣದಲ್ಲಿ ಒಂದು ಮಾಡಿಸಿದ್ರೆ ಆಯ್ತಪ್ಪ, ಅರಗಿನ ಬಣ್ಣ ಬೇರೆ," ಅಂದ ಭಟ್ಟ. ಗೌಡ ನಿಜವಾಗಿಯೂ ಯೋಚಿಸತೊಡಗಿದ.

ಪದ್ದುವಿಗೆ ಸ್ವಿಚ್ಚಿನ ಪುರಾಣ ಸಾಕಾಗಿತ್ತು. "ಹತ್ತು ವರ್ಷ ಬಾಳೋ ಮೌಸ್ ಕೈಗೆ ಹೊಂದದೆ ಇದ್ರೆ, ಹತ್ತು ವರ್ಷ ಮಣಿಕಟ್ಟು ನೋವು, ಅಷ್ಟೇ. ಎಲ್ಲಿ, ಕೈ ಚಾಚು." ಗೌಡನ ಕೈಯನ್ನು ಮೇಜಿನ ಮೇಲೆ ಮಲಗಿಸಿ, ಚೀಲದಿಂದ ಸ್ಕೇಲ್ ತೆಗೆದಳು. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಗೆ 20 ಸೆಂ.ಮೀ. "ಇದರ ನೂರಕ್ಕೆ ಅರವತ್ತು ಪಾಲು ಮೌಸಿನ ಉದ್ದ ಇರಲಿ, ಅಂದ್ರೆ 12 ಸೆಂ.ಮೀ. ಶಾಸ್ತ್ರ ಅಲ್ಲ, ಅಂದಾಜು. ಲ್ಯಾಪ್‌ಟಾಪ್ ಬ್ಯಾಗಿಗೆ ಅಂತ ಮಾರೋ 9-10 ಸೆಂ.ಮೀ. ಪುಟಾಣಿಗಳು ನಿನ್ನ ಕೈಗಲ್ಲ. ಅಂಗೈಗೆ ಆಸರೆ ಸಿಗದೆ ಬೆರಳು ದಿನವಿಡೀ ಹಿಡ್ಕೊಂಡೇ ಇರತ್ತೆ."

"ನನ್ನ ಮೌಸೂ ಅದೇ ಪುಟಾಣಿ ಸೈಜು," ಅಂದ ಭಟ್ಟ, ತನ್ನ ಕೈ ನೋಡಿಕೊಳ್ಳುತ್ತಾ.

"ಅದಕ್ಕೇ ಕಾಫಿ ಲೋಟನೂ ಹಂಗೆ ಹಿಡ್ಕೊಂಡಿದೀಯ."

ಹಿಡಿತವೂ ಮೂರು ಬಗೆ. ಅಂಗೈ ಪೂರ್ತಿ ಊರುವವರಿಗೆ ಬೆನ್ನು ಎತ್ತರದ ಮೌಸ್, ಬೆರಳು ಮಡಚಿ ಪಂಜದಂತೆ ಹಿಡಿಯುವವರಿಗೆ ಹಿಂಭಾಗ ಉಬ್ಬಿದ್ದು, ಬೆರಳತುದಿಯಲ್ಲೇ ಆಡಿಸುವವರಿಗೆ ಚಪ್ಪಟೆ ಮತ್ತು ಹಗುರದ್ದು. ಅಂಗಡಿಯಲ್ಲಿ ಡಬ್ಬ ನೋಡಿ ತರುವುದಲ್ಲ, ಕೈಯಿಟ್ಟು ನೋಡಬೇಕು. ಕಿರುಬೆರಳು ಮೇಜಿಗೆ ಉಜ್ಜುತ್ತಿದೆಯಾ? ಚಕ್ರ ಮುಟ್ಟುವುದಕ್ಕೆ ಬೆರಳು ಚಾಚಬೇಕಾ? ಚಾಚಬೇಕಾದರೆ ಅಲ್ಲೇ ಬಿಟ್ಟು ಬಾ. ಪಕ್ಕಕ್ಕೆ ನಿಲ್ಲುವ ವರ್ಟಿಕಲ್ ಮೌಸು ಮುಂಗೈ ತಿರುಚುವುದನ್ನು ಕಡಿಮೆ ಮಾಡುತ್ತದೆ. ಲಾಜಿಟೆಕ್‌ನ ಲಿಫ್ಟ್ 57 ಡಿಗ್ರಿ ವಾಲಿದೆ, ಎಡಗೈಯವರಿಗೂ ಬೇರೆ ಮಾಡಿದ್ದಾರೆ. ಒಂದೆರಡು ವಾರ ಗುರಿ ತಪ್ಪುತ್ತದೆ, ಸಣ್ಣ ಗೆರೆ ಹಿಡಿಯುವ ಕೆಲಸಕ್ಕೆ ಅಷ್ಟಕ್ಕಷ್ಟೇ. ಪದ್ದುವಿನ ಪ್ರಕಾರ ಅದಕ್ಕಿಂತ ಮೊದಲು ಮಾಡಬೇಕಾದ್ದು ಕೀಬೋರ್ಡ್ ಬದಲಾಯಿಸುವುದು. ಬಲಗಡೆ ನಂಬರ್ ಪ್ಯಾಡ್ ಇಲ್ಲದ ಗಿಡ್ಡ ಕೀಬೋರ್ಡ್ ಇಟ್ಟರೆ ಮೌಸು ಸುಮಾರು ಎಂಟು ಸೆಂ.ಮೀ. ಒಳಕ್ಕೆ ಬರುತ್ತದೆ, ಭುಜ ಹೊರಚಾಚುವುದು ತಪ್ಪುತ್ತದೆ. ಇದು ನನಗೂ ಸರಿ ಅನ್ನಿಸುತ್ತದೆ. ಮೌಸಿನ ಮೇಲೆ ಹೊರಿಸುವ ಭುಜನೋವಿನಲ್ಲಿ ಮೇಜಿನ ತಪ್ಪೂ ಇರುತ್ತದೆ.

"ನಿಂತಲ್ಲೇ ನಿಂತು ಚೆಂಡನ್ನ ಬೆರಳಲ್ಲಿ ಉರುಳಿಸೋ ಟ್ರ್ಯಾಕ್‌ಬಾಲ್ ತಗೊಂಡ್ರೆ ಭುಜಾನೇ ಅಲ್ಲಾಡಿಸಬೇಕಿಲ್ಲ," ಅಂತ ಸೇರಿಸಿದಳು. "ಚೆಂಡಿನ ಕೆಳಗೆ ಮೂರು ಮಣಿ ಇರತ್ತೆ, ಅದರ ಸುತ್ತ ಕೊಳೆ ಉಂಗುರ ಕಟ್ಟತ್ತೆ. ಚೆಂಡು ತೆಗೆದು ಹಲ್ಲುಕಡ್ಡೀಲಿ ಕೆರೆದ್ರಾಯ್ತು. ಹೊಸ ಚೆಂಡು ಬಿರುಸಾಗಿದ್ರೆ ಕೆಲವರು ಮೂಗಿನ ಪಕ್ಕಕ್ಕೆ ಉಜ್ಜಿ, ಆ ಜಿಡ್ಡಲ್ಲೇ ಓಡಿಸ್ತಾರೆ."

"ಈಗ ಇದನ್ನ ಕಾಫಿ ಕುಡಿಯೋವಾಗಲೇ ಹೇಳ್ಬೇಕಿತ್ತಾ?" ಅಂದ ಗೌಡ. ಭಟ್ಟನಿಗೆ ಅವಕಾಶ ಸಿಕ್ಕಿತು, ಲೋಟ ಎಳೆದುಕೊಂಡ.

ವೈರಿನದೋ ವೈರ್‌ಲೆಸ್ಸೋ ಎಂಬಲ್ಲಿ ಒಮ್ಮತ ಆಗಲಿಲ್ಲ. ಸೀನಿಗೆ ವೈರಿನದೇ ಬೇಕು: ವೈರು ಮುರಿಯುವುದು ಮೌಸಿನ ಮೂತಿಯ ಹತ್ತಿರ, ಮೂರು ನಾಲ್ಕು ಸೆಂ.ಮೀ. ಕತ್ತರಿಸಿ ಮರುಬೆಸುಗೆ ಹಾಕಿದರೆ ಮುಗಿಯಿತು. ಒಳಗೆ ಕೆಂಪು, ಕಪ್ಪು, ಹಸಿರು, ಬಿಳಿ ನಾಲ್ಕು ಎಳೆ. ಅಗ್ಗದ ಮೌಸಿನಲ್ಲಿ ಬಣ್ಣ ನಂಬುವ ಹಾಗಿಲ್ಲ, ಮಲ್ಟಿಮೀಟರ್ ಹಿಡಿದೇ ನೋಡಬೇಕು. ಪದ್ದುವಿನದು ವೈರ್‌ಲೆಸ್. ಅವಳ ದೂರು ಪರದೆಯ ಮೇಲಿನ ಬಾಣ ಬಿಟ್ಟುಬಿಟ್ಟು ಓಡುತ್ತದೆ ಅನ್ನುವುದು.

"ರಿಸೀವರ್ ಯಾವ ಪೋರ್ಟಲ್ಲಿದೆ? ನೀಲಿದಾ?" ಸೀನಿ ಕೇಳಿದ. "ಯುಎಸ್‌ಬಿ 3 ಪೋರ್ಟು, ಪಕ್ಕದಲ್ಲಿ ಹಾರ್ಡ್ ಡಿಸ್ಕು ಬೇರೆ ಚುಚ್ಚಿರ್ತೀಯ. ಅದು ಮಾಡೋ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್‌ಗೇ ಬಂದು ಬೀಳತ್ತೆ, ಮೌಸು ಮಾತಾಡೋದೂ ಅದರಲ್ಲೇ. ಅರ್ಧ ಮೀಟರ್ ಎಕ್ಸ್‌ಟೆನ್ಷನ್ ವೈರ್ ಹಾಕಿ ರಿಸೀವರ್ ಮೇಜಿನ ಮೇಲೆ ತಾ. ಇನ್ನೊಂದು, ಹೆಸರಿಲ್ಲದ ಕಂಪನಿ ಮೌಸಿನ ರಿಸೀವರ್ ಕಳೆದ್ರೆ ಮೌಸೂ ಕಳೆದಂಗೆ, ಬೇರೆ ಜೋಡಿ ಆಗಲ್ಲ. ಪೆನ್ಸಿಲ್ ಸೆಲ್ಲು ಹಾಕಿ ತಿಂಗಳುಗಟ್ಟಲೆ ಡ್ರಾಯರಲ್ಲಿ ಇಡಬೇಡ, ಸೋರತ್ತೆ. ಆಲ್ಕಲೈನ್ ಸೆಲ್ಲಿಂದ ಸೋರಿದ್ದಾದ್ರೆ ಕ್ಷಾರ, ಹತ್ತಿಕಡ್ಡಿಗೆ ವಿನೆಗರ್ ಇಲ್ಲ ನಿಂಬೆರಸ ಅದ್ದಿ ಒರೆಸು, ಆಮೇಲೆ ಆಲ್ಕೋಹಾಲು."

ನಡುವೆ ಭಟ್ಟ ಜೇಬಿನಿಂದ ಕಾಂಗ್ರೆಸ್ ಕಡ್ಲೆಬೀಜದ ಪೊಟ್ಟಣ ತೆಗೆದ. ಖಾರದ ಪುಡಿ ಅಂಟಿದ ಬೆರಳು ನೋಡಿ ಸೀನಿಯ ಮುಖ ಕಪ್ಪಿಟ್ಟಿತು. "ಇದೇ, ಇದೇ ಚಕ್ರದೊಳಗೆ ಹೋಗೋದು!" ಕೆಳಕ್ಕೆ ತಿರುಗಿಸಿದರೆ ಪುಟ ಒಂದು ಹೆಜ್ಜೆ ಮೇಲಕ್ಕೆ ಜಿಗಿಯುತ್ತದಲ್ಲ, ಅದು ಎನ್‌ಕೋಡರಿನ ಸವಕಳಿ, ಇಲ್ಲ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಂದು ತೊಟ್ಟು ಬಿಟ್ಟು ನಲವತ್ತು ಐವತ್ತು ಸುತ್ತು ತಿರುಗಿಸಿದರೆ ಹಲವು ಸಲ ಸರಿಹೋಗುತ್ತದೆ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ. ಜಿಡ್ಡು ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ಬದಲಾಯಿಸುವುದಾದರೆ ಎನ್‌ಕೋಡರಿನ ಎತ್ತರ ಅಳೆದೇ ತರಬೇಕು. 9 ಮಿ.ಮೀ. ಇದ್ದಲ್ಲಿ 11 ಹಾಕಿದರೆ ನಡುಬಟನ್ನಿನ ಲೆಕ್ಕ ತಪ್ಪುತ್ತದೆ.

ಬಾಣ ನಿಂತಲ್ಲೇ ನಡುಗುತ್ತಿದ್ದರೆ ಮೌಸ್ ಮಗುಚಿ ಸೆನ್ಸರಿನ ತೂತನ್ನು ಟಾರ್ಚ್ ಹಿಡಿದು ನೋಡಬೇಕು: ಒಂದೇ ಒಂದು ಕೂದಲು ಅಡ್ಡ ಕೂತಿರುತ್ತದೆ. ಒಣ ಹತ್ತಿಕಡ್ಡಿ ಸಾಕು. ಮಿರಮಿರ ಹೊಳೆಯುವ ಸನ್‌ಮೈಕಾ, ಗಾಜಿನ ಮೇಜು ಬೇಡ. ಸೆನ್ಸರ್ ಮೇಲ್ಮೈಯ ಚಿತ್ರ ತೆಗೆತೆಗೆದು ಹೋಲಿಸುವುದು, ಗಾಜಿನಲ್ಲಿ ಹೆಚ್ಚಿನ ಸೆನ್ಸರುಗಳಿಗೆ ಹೋಲಿಸಲು ಗುರುತೇ ಸಿಗುವುದಿಲ್ಲ. ಬಟ್ಟೆ ಪ್ಯಾಡು ಹಾಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ಆಗಾಗ ತೊಳೆದು ನೆರಳಲ್ಲಿ ಒಣಗಿಸಿದರೆ ತಳದ ಟೆಫ್ಲಾನ್ ಪಾದವೂ ಬಾಳುತ್ತದೆ.

"ಮೆತ್ತಗಿನ ರಬ್ಬರ್ ಲೇಪ ಇರೋದು ಮಾತ್ರ ತರಬೇಡ," ಪದ್ದು ಗೌಡನಿಗೆ ಕೊನೇ ಎಚ್ಚರಿಕೆ ಕೊಟ್ಟಳು. "ಅಂಗಡೀಲಿ ರೇಷ್ಮೆ. ಆಮೇಲೆ ತೇವಕ್ಕೆ ಲೇಪ ಒಡೆದು ಅಂಟಂಟು. ಒರಟು ಪ್ಲಾಸ್ಟಿಕ್ಕೇ ವಾಸಿ."

"ಎಲ್ಲ ಸರಿ, ಆಯುಧ ಪೂಜೆಗೆ ಏನ್ ಮಾಡ್ಲಿ? ಆಫೀಸಲ್ಲಿ ಎಲ್ಲಾದಕ್ಕೂ ಕುಂಕುಮ ಹಚ್ತಾರೆ," ಅಂದ ಗೌಡ.

ಸೀನಿ ಎರಡು ಕೈಯನ್ನೂ ತಲೆ ಮೇಲಿಟ್ಟುಕೊಂಡ. ಒಣ ಕುಂಕುಮ ಚಕ್ರದ ಸಂದಿಯಿಂದ ನೇರ ಎನ್‌ಕೋಡರಿಗೆ. ಕಲಸಿದ ಅರಿಶಿನ ಬಟನ್ನಿನ ಗೆರೆಯಿಂದ ಸ್ವಿಚ್ಚಿಗೆ. ಇನ್ನು ಗಂಧ ಹಚ್ಚುವವರು ಭಕ್ತಿಯಿಂದ ಮೌಸ್ ಮಗುಚಿ ತಳಕ್ಕೂ ಒಂದು ಬೊಟ್ಟು ಇಡುತ್ತಾರೆ, ಸರಿಯಾಗಿ ಸೆನ್ಸರಿನ ಕಣ್ಣಿಗೇ.

"ಡಬ್ಬಕ್ಕೆ ಹಚ್ಚಪ್ಪ, ಡಬ್ಬಕ್ಕೆ!"

"ಸರಿ ಬಿಡು," ಅಂದ ಗೌಡ. "ಬಿಲ್ಲೂ ಅದರೊಳಗೇ ಇರತ್ತೆ. ವಾರಂಟಿಗೂ ಪೂಜೆ ಆದಂಗಾಯ್ತು."